ರೇರ್ ಅರ್ತ್ ಮತ್ತ ಕಾರ್ಬೊನಟೈಟ್: ನಮ್ಮ ಬಾಗಲಕೋಟಿ ಕಡಿ ಮಂದಿ ಪದೇ ಪದೇ ಕೇಳೋ ಪ್ರಶ್ನೆಗಳು

2025ರ ಏಪ್ರಿಲ್‌ನಾಗ ಚೀನಾ ಏಳು ರೇರ್ ಅರ್ತ್ ಧಾತುಗಳ ರಫ್ತಿಗೆ ಲಗಾಮು ಹಾಕಿದ್ದೇ ತಡ, ನಮ್ಮ ನವನಗರದ ಚಾದಂಗಡಿಯಾಗ ಸೈತ ಇದೇ ಮಾತು. ನಾ ಜಿಯಾಲಜಿ ಓದೀನಿ, ಅದನ್ನೇ ಕಲಿಸ್ತೇನಿ, ಹಿಂಗಾಗಿ ಕಾಕಾ, ಮಾವ, ಹಳೇ ವಿದ್ಯಾರ್ಥಿಗಳು, ಅವರ ಅಪ್ಪಂದ್ರು ಎಲ್ಲಾರೂ ಒಂದೊಂದು ಕಲ್ಲಿನ ಫೋಟೋ ಕಳಿಸಿ ಇದರಾಗ ಐತೇನ್ರಿ ಅಂತ ಕೇಳಾಕ ಹತ್ಯಾರ. ಒಬ್ಬೊಬ್ಬರಿಗೂ ಫೋನಿನಾಗ ಹೇಳಿ ಹೇಳಿ ಉತ್ತರ ಅರ್ಧಮರ್ಧ ಆಗಾಕತ್ತಿತ್ತು, ಅದಕ್ಕ ಕುಂತು ಎಲ್ಲಾ ಒಂದೇ ಕಡಿ ಬರದೀನಿ. ಯಾವ ಪ್ರಶ್ನೆ ಜಾಸ್ತಿ ಬಂದೈತಿ ಅದಕ್ಕ ಉತ್ತರ ಉದ್ದ ಐತಿ.

ರೇರ್ ಅರ್ತ್ ಅಂದ್ರ ಏನ್ರಿ, ಮಣ್ಣೋ ಲೋಹನೋ?

ಲೋಹ. ಒಟ್ಟು 17 ಧಾತು, ಲ್ಯಾಂಥನಮ್‌ನಿಂದ ಲುಟೀಶಿಯಮ್ ತನಕ 15, ಅದರ ಜೋಡಿ ಯಿಟ್ರಿಯಮ್ ಮತ್ತ ಸ್ಕ್ಯಾಂಡಿಯಮ್. 1787ರಾಗ ಸ್ವೀಡನ್ನಿನ ಯಿಟರ್ಬಿ ಅನ್ನೋ ಹಳ್ಳಿ ಕ್ವಾರಿಯಾಗ ಒಂದು ಕರಿ ಕಲ್ಲು ಸಿಕ್ತು, ಅದರಿಂದ ಕಥಿ ಶುರು. ಆಗಿನ ಕಾಲಕ್ಕ ನೀರಾಗ ಕರಗದ ಆಕ್ಸೈಡ್ ಪುಡಿಗೆ ‘ಅರ್ತ್’ ಅಂತಿದ್ರು, ಹಂಗ ಹೆಸರು ಉಳೀತು. ರೇರ್ ಅನ್ನೋದು ಪೂರ್ತಿ ಖರೆ ಅಲ್ಲ, ಸೀರಿಯಮ್ ಭೂಮಿ ಮ್ಯಾಲಿನ ಪದರದಾಗ ತಾಮ್ರದಷ್ಟೇ ಐತಿ. ತ್ರಾಸು ಏನಂದ್ರ ಇವು ಒಂದ್ ಕಡಿ ಕೂಡಿ ಕುಂದ್ರಂಗಿಲ್ಲ, ಎಲ್ಲಾ ಕಲ್ಲಿನಾಗೂ ಚೂರು ಚೂರು ಹರಡಿರ್ತಾವ. ಹಂಗ ಹರಡಿದ್ದನ್ನ ಭೂಮಿ ಯಾವ ಜಾಗಾದಾಗ ಒಟ್ಟು ಮಾಡಿ ಇಟ್ಟೈತಿ ಅನ್ನೋದೇ ಈ ಪೂರ್ತಿ ವಿಷಯ, ಮತ್ತ ಆ ಜಾಗಾಗಳಾಗ ಮೊದಲನೇ ಹೆಸರು ಕಾರ್ಬೊನಟೈಟ್‌ದು.

ಕಾರ್ಬೊನಟೈಟ್ ಅಂದ್ರ ಯಾವ ನಮೂನಿ ಕಲ್ಲು?

ಅಗ್ನಿಶಿಲೆ. ಅಂದ್ರ ಕರಗಿದ ಮ್ಯಾಗ್ಮಾ ಆರಿ ಗಟ್ಟಿಯಾಗಿದ್ದು, ನಮ್ಮ ಬಿಜಾಪುರದ ಕರಿಕಲ್ಲು ಇದ್ದಂಗ. ಆದ್ರ ಕರಿಕಲ್ಲಿನಾಗ ಇರೋದು ಸಿಲಿಕೇಟ್ ಖನಿಜ, ಅಂದ್ರ ಸಿಲಿಕಾನ್ ಮತ್ತ ಆಕ್ಸಿಜನ್ ಕೂಡಿದ್ದು, ಇದರಾಗ ಅರ್ಧಕ್ಕಿಂತ ಜಾಸ್ತಿ ಕಾರ್ಬೊನೇಟ್ ಖನಿಜ: ಕ್ಯಾಲ್ಸೈಟ್, ಡಾಲಮೈಟ್, ಆಂಕರೈಟ್. ಸುಣ್ಣದ ಕಲ್ಲಿನಾಗ ಇರೋ ಅದೇ ಕ್ಯಾಲ್ಸೈಟ್, ಆದ್ರ ಬೆಂಕಿಯೊಳಗಿಂದ ಬಂದದ್ದು. 1921ರಾಗ ನಾರ್ವೆಯ ಬ್ರೊಗರ್ ಅನ್ನೋ ವಿಜ್ಞಾನಿ ತಮ್ಮ ದೇಶದ ಫೆನ್ ಅನ್ನೋ ಜಾಗಾ ನೋಡಿ ಈ ಹೆಸರಿಟ್ರು.

ಹಂಗಿದ್ರ ನಮ್ಮ ಲೋಕಾಪುರ, ಕಲಾದಗಿ, ಬಾಗಲಕೋಟಿ ಸುಣ್ಣದ ಕಲ್ಲೂ ಕಾರ್ಬೊನಟೈಟ್ ಅಲ್ಲೇನು?

ಅಲ್ರಿ. ದಿನಾ ಬರೋ ಪ್ರಶ್ನೆ ಇದೇ, ಮತ್ತ ಇದೊಂದು ನೆಟ್ಟಗ ತಿಳಿದ್ರ ಮುಂದಿಂದೆಲ್ಲಾ ಸಲೀಸ ಆಗ್ತೈತಿ, ಅದಕ್ಕ ಸ್ವಲ್ಪ ನಿಂತು ಹೇಳ್ತೇನಿ.

ನಮ್ಮ ಸುಣ್ಣದ ಕಲ್ಲು ನೀರಾಗ ಹುಟ್ಟಿದ್ದು. ನೂರು ಕೋಟಿ ವರ್ಷಕ್ಕಿಂತ ಹಿಂದ ಇಲ್ಲಿ ತೆಳ್ಳನ ಸಮುದ್ರ ಇತ್ತು, ಅದರ ತಳದಾಗ ಪದರ ಪದರಾಗಿ ಕುಂತಿದ್ದೇ ಕಲಾದಗಿ ಬೇಸಿನ್ನಿನ ಸುಣ್ಣದ ಕಲ್ಲು, ಡಾಲಮೈಟ್, ಶೇಲ್. ತಾಳಿಕೋಟಿ ಕಡಿ ಫರಸಿ ಸೈತ ಹಂಗ ನೀರಾಗ ಕುಂತಿದ್ದೇ, ಅದು ಭೀಮಾ ಬೇಸಿನ್ನಿಂದು. ಪುಸ್ತಕದ ಹಾಳಿ ಇದ್ದಂಗ ಹಾಸು ಹಾಸಾಗಿ ಬಿಚ್ಚಿ ಬರ್ತೈತಿ, ಕಿಲೋಮೀಟರ್‌ಗಟ್ಲೆ ಒಂದೇ ಸಮ ಹಬ್ಬಿರ್ತೈತಿ. ಕಾರ್ಬೊನಟೈಟ್ ಹಾಸಂಗಿಲ್ಲ, ಕೆಳಗಿಂದ ಮ್ಯಾಲಕ್ಕ ಬೇರೆ ಕಲ್ಲನ್ನ ಸೀಳಿಕೊಂಡು ಬರ್ತೈತಿ. ಕೊಳವಿ ಇದ್ದಂಗ, ಇಲ್ಲಾ ಗ್ವಾಡಿ ಇದ್ದಂಗ, ಇಲ್ಲಾ ದುಂಡಗ ಬಳಿ ಇದ್ದಂಗ. ಅಗಲ ಭಾಳ ಅಂದ್ರ ಕೆಲವು ಕಿಲೋಮೀಟರ್.

ಕಣ್ಣಿಗೆ ಒಂದೇ ಕಂಡ್ರೂ ಒಳಗಿನ ಲೆಕ್ಕ ಬ್ಯಾರೆ. ಸಮುದ್ರದ ಸುಣ್ಣದ ಕಲ್ಲಿನಾಗ ಎಲ್ಲಾ ರೇರ್ ಅರ್ತ್ ಕೂಡಿಸಿದ್ರೂ ಹತ್ತಾರು ಪಿಪಿಎಂ, ಅಂದ್ರ ಒಂದು ಟನ್ ಕಲ್ಲಿಗೆ ಹತ್ತಾರು ಗ್ರಾಂ. ಸಾದಾ ಕಾರ್ಬೊನಟೈಟ್‌ನಾಗ ಮೂರು ಸಾವಿರ ಪಿಪಿಎಂ ಸಾಮಾನ್ಯ. ಸ್ಟ್ರಾನ್ಶಿಯಮ್, ಬೇರಿಯಮ್, ನಿಯೋಬಿಯಮ್ ಕೂಡ ಹಂಗ ಸಿಕ್ಕಾಪಟ್ಟಿ ಇರ್ತಾವ. ಮತ್ತ ಕಾರ್ಬನ್ನಿನ ಐಸೋಟೋಪ್, ಅಂದ್ರ ಅದೇ ಧಾತಿನ ಹಗುರು ಮತ್ತ ಭಾರ ಪರಮಾಣುಗಳ ಪ್ರಮಾಣ, ನೋಡಿದ್ರ ಎಲ್ಲಿ ಹುಟ್ಟಿದ್ದು ಅಂತ ಬಯಲಾಗ್ತೈತಿ: ಒಂದು ಗೊತ್ತಾದ ಮಾದರಿಗೆ ಹೋಲಿಸಿ ಸಾವಿರಕ್ಕ ಎಷ್ಟು ಫರಕು ಅಂತ ಲೆಕ್ಕ ಹಾಕಿದ್ರ ಸಮುದ್ರದ ಕಲ್ಲಿಗೆ ಸೊನ್ನಿ ಆಸುಪಾಸು ಬರ್ತೈತಿ, ಭೂಮಿಯ ಮ್ಯಾಲಿನ ಪದರದ ಕೆಳಗಿರೋ ದಪ್ಪನ ಕಲ್ಲಿನ ಪದರ, ಅಂದ್ರ ಮ್ಯಾಂಟಲ್‌ನಿಂದ ಬಂದದ್ದಕ್ಕ ಮೈನಸ್ 4ರಿಂದ ಮೈನಸ್ 8. ಆಕ್ಸಿಜನ್ನಿಂದೂ ಹಂಗೇ, ಮ್ಯಾಂಟಲ್ ಕಲ್ಲಿಗೆ 6ರಿಂದ 10, ಸಮುದ್ರದ್ದಕ್ಕ 20ರ ಮ್ಯಾಲ.

ಲಿಂಬಿಹಣ್ಣು ಹಿಂಡಿದ್ರ ಬುರುಬುರು ನೊರಿ ಬಂತು, ಅಂದ್ರ ಏನಾತು?

ಕಾರ್ಬೊನೇಟ್ ಐತಿ ಅಂತಾತು, ಅಷ್ಟೇ. ಇಂಡಿ ಲಿಂಬಿ ಇರ್ಲಿ, ಲ್ಯಾಬಿನ ಆಸಿಡ್ ಇರ್ಲಿ, ಕ್ಯಾಲ್ಸೈಟ್ ಕಂಡ್ರ ನೊರಿ ಬರಸ್ತಾವ, ಅದು ನೀರಾಗ ಹುಟ್ಟಿದ್ದೋ ಬೆಂಕಿಯಾಗ ಹುಟ್ಟಿದ್ದೋ ಅಂತ ಆಸಿಡ್‌ಗೆ ತಿಳಿಯಂಗಿಲ್ಲ. ಎರಿ ಹೊಲದಾಗ ಸಿಗೋ ಬಿಳಿ ಸುಣ್ಣದ ಸಣ್ಣ ಕಲ್ಲಿಗೂ ನೊರಿ ಬರ್ತೈತಿ, ಅದನ್ನ ಯಾರೂ ಗಣಿ ಅನ್ನಂಗಿಲ್ಲ.

ಸುಣ್ಣದ ಕಲ್ಲು ಕಾಸಿದ್ರ ಸುಣ್ಣ ಆಗ್ತೈತಿ, ಅದು ಕರಗಿ ಲಾವಾ ಹೆಂಗ ಆದೀತು?

ಈ ಪ್ರಶ್ನೆ ಕೇಳಿದವರು ಒಬ್ರು ಸುಣ್ಣದ ಬಟ್ಟಿ ಮನೆತನದವರು, ಮತ್ತ ನಂಗ ಇದು ಭಾಳ ಸೇರಿತು, ಯಾಕಂದ್ರ ನಮ್ಮ ಅಜ್ಜಂದೂ ಕಲಾದಗಿ ಹತ್ರ ಬಟ್ಟಿ ಇತ್ತು. ಅಜ್ಜ ಒಂದು ಸಾಲು ಕಲ್ಲು ಒಂದು ಸಾಲು ಇದ್ದಲಿ ಹಿಂಗ ಪೇರಿಸಿ ಉರಿ ಹಚ್ಚೋರು, ಕಲ್ಲು ಕೆಂಪಗ ಕಾಯ್ತಿತ್ತು, ಹಗುರ ಆಗ್ತಿತ್ತು, ಆದ್ರ ಒಂದ್ ಸರ್ತಿನೂ ಕರಗಿ ಹರಿದಿದ್ದಿಲ್ಲ. 900 ಡಿಗ್ರಿ ಸೆಲ್ಸಿಯಸ್ ಆಸುಪಾಸು ಅದರಾಗಿನ ಕಾರ್ಬನ್ ಡೈಆಕ್ಸೈಡ್ ಹಾರಿ ಹೋಗಿ ಸುಡುಸುಣ್ಣ ಉಳಿತೈತಿ.

ದೊಡ್ಡ ದೊಡ್ಡ ವಿಜ್ಞಾನಿಗಳೂ ಇದೇ ವಾದ ಮಾಡಿದ್ರು. ಕ್ಯಾಲ್ಸೈಟ್ ಕರಗಂಗಿಲ್ಲ, ಅಂದಮ್ಯಾಲ ಕಾರ್ಬೊನಟೈಟ್ ಅನ್ನೋದು ಮ್ಯಾಗ್ಮಾ ಅಲ್ಲ, ಕೆಳಗಿದ್ದ ಸುಣ್ಣದ ಕಲ್ಲನ್ನ ಬ್ಯಾರೆ ಮ್ಯಾಗ್ಮಾ ಎಳಕೊಂಡು ಬಂದೈತಿ ಅಂತ ಹತ್ತಾರು ವರ್ಷ ಜಗಳ ನಡೀತು. ಬಟ್ಟಿಗೂ ಭೂಮಿ ಒಳಗಿನ ಜಾಗಾಕ್ಕೂ ಇರೋ ಫರಕು ಒತ್ತಡದ್ದು. ಬಟ್ಟಿ ಬಾಯಿ ತೆರದಿರ್ತೈತಿ, ಗ್ಯಾಸ್ ಹೊರಗ ಹೋಗ್ತೈತಿ. ಭೂಮಿ ಒಳಗ ಮ್ಯಾಲ ಕಿಲೋಮೀಟರ್‌ಗಟ್ಲೆ ಕಲ್ಲಿನ ಮುಚ್ಚಳ, ಗ್ಯಾಸ್‌ಗೆ ದಾರಿ ಇಲ್ಲ. ಹಂಗಿದ್ರೂ ಬರೇ ಕ್ಯಾಲ್ಸೈಟ್ ಕರಗಬೇಕಂದ್ರ 1300 ಡಿಗ್ರಿ ದಾಟಬೇಕು. 1960ರಾಗ ವೈಲಿ ಮತ್ತ ಟಟಲ್ ಅನ್ನೋರು ಲ್ಯಾಬಿನಾಗ ಕ್ಯಾಲ್ಸೈಟ್ ಜೋಡಿ ನೀರು ಸೇರಿಸಿ ಸಾವಿರ ವಾತಾವರಣದ ಒತ್ತಡ ಕೊಟ್ಟು ನೋಡಿದ್ರು, ಸುಮಾರು 650 ಡಿಗ್ರಿಗೆ ಕರಗಾಕ ಶುರು ಆತು! ಬಟ್ಟಿಯ ಶಾಖಕ್ಕಿಂತ ಕಡಿಮಿ.

ಅದೇ 1960ರಾಗ ಟಾಂಜಾನಿಯಾದ ಓಲ್ ಡೊಯಿನ್ಯೊ ಲೆಂಗಾಯ್ ಜ್ವಾಲಾಮುಖಿ ಬಾಯಾಗ ಇಳಿದ ಡಾಸನ್ ಅನ್ನೋ ಜಿಯಾಲಜಿಸ್ಟ್ ಕಣ್ಣಾರೆ ಕಾರ್ಬೊನೇಟ್ ಲಾವಾ ಹರಿಯೋದು ನೋಡಿದ್ರು. ಇವತ್ತಿಗೂ ಕಾರ್ಬೊನಟೈಟ್ ಲಾವಾ ಉಗುಳೋ ಜೀವಂತ ಜ್ವಾಲಾಮುಖಿ ಜಗತ್ತಿನಾಗ ಅದೊಂದೇ. ನಮ್ಮ ಕರಿಕಲ್ಲಿನ ಲಾವಾ 1100 ಡಿಗ್ರಿ ಮ್ಯಾಲ ಇದ್ರ ಅದು 500ರಿಂದ 600 ಡಿಗ್ರಿ ಅಷ್ಟೇ, ಹಗಲಿನಾಗ ಕೆಂಪಗೂ ಕಾಣಂಗಿಲ್ಲ, ಕರ್ರಗ ಎಣ್ಣಿ ಇದ್ದಂಗ ಹರಿತೈತಿ, ಆರಿದ ಮ್ಯಾಲ ಗಾಳಿಯಾಗಿನ ತ್ಯಾವ ಹೀರಿ ಕೆಲವೇ ದಿನದಾಗ ಬೆಳ್ಳಗ ಆಗ್ತೈತಿ. ಅದು ಸೋಡಿಯಂ ಕಾರ್ಬೊನೇಟ್ ಜಾಸ್ತಿ ಇರೋ ಲಾವಾ, ಅಂದ್ರ ಹೆಚ್ಚು ಕಡಿಮಿ ಅರಿವಿ ಒಗೆಯೋ ಸೋಡಾ. ಆ ಲಾವಾದ ಒಂದು ಖನಿಜಕ್ಕ ಆ ದೇಶದ ಮೊದಲ ರಾಷ್ಟ್ರಪತಿ ನೈರೆರೆ ಅವರ ಹೆಸರಿಂದ ನೈರೆರೈಟ್ ಅಂತ ಕರೀತಾರ. ಬಾಕಿ ಕಡಿ ಸಿಗೋ ಹಳೇ ಕಾರ್ಬೊನಟೈಟ್ ಎಲ್ಲಾ ಹೆಚ್ಚಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣದ್ದು.

ಈ ಮ್ಯಾಗ್ಮಾ ಎಲ್ಲಿಂದ ಬರ್ತೈತಿ? ಎಷ್ಟ್ ಆಳದಾಗ?

ಮ್ಯಾಂಟಲ್‌ನಿಂದ, ಸುಮಾರು 70-80 ಕಿಲೋಮೀಟರ್‌ಗಿಂತ ಕೆಳಗಿಂದ. ಅಷ್ಟ್ ಆಳದ ಒತ್ತಡಕ್ಕ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಆಗಿ ಇರಂಗಿಲ್ಲ, ಕಲ್ಲಿನ ಖನಿಜ ಆಗಿ ಕುಂತಿರ್ತೈತಿ, ಮತ್ತ ಹಂಗ ಕುಂತಾಗ ಆ ಕಲ್ಲು ಕರಗೋ ಶಾಖ ಕಡಿಮಿ ಆಗ್ತೈತಿ. ಹಿಂಗಾಗಿ ಬಾಕಿ ಮ್ಯಾಂಟಲ್ ಗಟ್ಟಿಗಿ ಇದ್ದಾಗಲೇ ಅದರಾಗ ನೂರಕ್ಕ ಒಂದು ಪಾಲಿಗಿಂತಲೂ ಕಡಿಮಿ ಕರಗಿ ಬೆವರು ಬಂದಂಗ ಹೊರಗ ಬರ್ತೈತಿ. ಇದು ಭಾಳ ತೆಳ್ಳಗ, ನೀರಿನಂಗ ಹರಿತೈತಿ, ಖನಿಜದ ಕಾಳುಗಳ ನಡುವಿನ ಸಂದಿಯಾಗೂ ನುಸುಳ್ತೈತಿ.

ಅಲ್ಲಿಂದ ಮ್ಯಾಲ ಬರೋ ದಾರಿ ಬಗ್ಗೆ ಮೂರು ಮಾತು ಅದಾವ. ಒಂದು, ಆ ಕಾರ್ಬೊನೇಟ್ ಕರಗು ನೇರ ಮ್ಯಾಲಕ್ಕ ಬಂತು. ಇನ್ನೊಂದು, ಸಿಲಿಕೇಟ್ ಮ್ಯಾಗ್ಮಾ ಒಳಗ ಕಾರ್ಬೊನೇಟ್ ಕರಗಿಕೊಂಡು ಕೂಡೇ ಬಂತು, ಆರ್ತಾ ಆರ್ತಾ ಸಾರಿನ ಮ್ಯಾಲ ಒಗ್ಗರಣಿ ಎಣ್ಣಿ ಬ್ಯಾರೆ ಆದಂಗ ಎರಡೂ ಬ್ಯಾರೆ ಆದ್ವು. ಮೂರನೇದು, ಸಿಲಿಕೇಟ್ ಖನಿಜ ಮೊದಲು ಹರಳಾಗಿ ಹೋಗಿ ಉಳಿದ ರಸ ಕಾರ್ಬೊನೇಟ್ ಆತು. ಒಂದೇ ಉತ್ತರ ಎಲ್ಲಾ ಕಡಿ ಹೊಂದಂಗಿಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ರಾಜಸ್ಥಾನದ ನೆವಾನಿಯಾದಾಗ ಡಾಲಮೈಟ್ ಕಾರ್ಬೊನಟೈಟ್ ಐತಿ, ಅದು ಮ್ಯಾಂಟಲ್‌ನಿಂದ ನೇರ ಬಂದಿದ್ದು ಅನ್ನೋದಕ್ಕ ಗಟ್ಟಿ ಪುರಾವೆ ಅದಾವ. ಗುಜರಾತಿನ ಅಂಬಾ ಡೊಂಗರ್‌ನಾಗ ಪಕ್ಕದಲ್ಲೇ ನೆಫೆಲಿನೈಟ್, ಫೋನೊಲೈಟ್ ಅನ್ನೋ ಸಿಲಿಕೇಟ್ ಕಲ್ಲು ಅದಾವ, ಅಲ್ಲಿ ಎಣ್ಣಿ-ನೀರು ಬ್ಯಾರೆ ಆದ ಕಥಿನೇ ಹೊಂದ್ತೈತಿ.

ಬರೋ ಜಾಗಾನೂ ಎಲ್ಲೆಂದರಲ್ಲಿ ಅಲ್ಲ. ಹಳೇ ಖಂಡದ ದಪ್ಪನ ಬೇರು ಇರ್ಬೇಕು, ಅದರಾಗ ಸೀಳು ಬಿಟ್ಟಿರ್ಬೇಕು, ಪೂರ್ವ ಆಫ್ರಿಕಾದ ರಿಫ್ಟ್ ಕಣಿವಿ, ನಮ್ಮ ನರ್ಮದಾ ಸೀಳು ಇದ್ದಂಗ. ಇದಕ್ಕ ಅಪವಾದನೂ ಐತಿ: ಚೀನಾದ ಸಿಚುವಾನ್‌ನಾಗ ಮಾವೊನ್ಯೂಪಿಂಗ್ ಅನ್ನೋ ಗಣಿ ಬರೇ 2.6 ಕೋಟಿ ವರ್ಷದ್ದು, ಅದು ಭಾರತ ಏಷ್ಯಾಕ್ಕ ಡಿಕ್ಕಿ ಹೊಡೆದ ಮ್ಯಾಲ ಹುಟ್ಟಿದ್ದು, ಹಿಂದ ಒಂದ್ ಕಾಲಕ್ಕ ಮುಳುಗಿ ಹೋದ ಸಮುದ್ರತಳದ ಕೆಸರಿನ ರಸ ಅಲ್ಲಿಯ ಮ್ಯಾಂಟಲ್‌ಗೆ ಸೇರಿತ್ತು.

ರೇರ್ ಅರ್ತ್ ಎಲ್ಲಾ ಬಿಟ್ಟು ಇದರಾಗೇ ಯಾಕ ಕೂಡ್ತಾವ?

ಮುಧೋಳ, ಜಮಖಂಡಿ, ಗೋಕಾಕ ಕಡಿಯವರಿಗೆ ಇದು ಲಗೂನ ತಿಳಿತೈತಿ, ಯಾಕಂದ್ರ ಸಕ್ರಿ ಫ್ಯಾಕ್ಟರಿ ನೋಡೀರಿ. ಕಬ್ಬಿನ ರಸ ಕುದಿಸಿ ಆರಿಸಿದ್ರ ಸಕ್ರಿ ಹರಳು ಕಟ್ತೈತಿ, ಆ ಹರಳಿನಾಗ ಜಾಗಾ ಸಿಗದ್ದೆಲ್ಲಾ ಕಾಕಂಬಿಯೊಳಗ ಉಳಿತೈತಿ. ಸಕ್ರಿ ತೆಗದಷ್ಟೂ ಕಾಕಂಬಿ ಕಪ್ಪಗ, ಗಟ್ಟಿಗಿ, ತೀಕ್ಷ್ಣ ಆಗ್ತೈತಿ.

ರೇರ್ ಅರ್ತ್ ಅಯಾನುಗಳು, ಅಂದ್ರ ವಿದ್ಯುತ್ ಚಾರ್ಜ್ ಹೊತ್ತ ಪರಮಾಣುಗಳು, ದೊಡ್ಡು, ಅದರಮ್ಯಾಲ ಮೂರು ಚಾರ್ಜ್ ಹೊತ್ತಿರ್ತಾವ. ಮ್ಯಾಂಟಲ್‌ನ ಆಲಿವಿನ್, ಪೈರಾಕ್ಸಿನ್ ಹರಳಿನಾಗ ಅವಕ್ಕ ಜಾಗಾ ಇಲ್ಲ. ಹಿಂಗಾಗಿ ನೂರಕ್ಕ ಒಂದು ಪಾಲು ಕರಗಿದ್ರೂ ಅಲ್ಲಿದ್ದ ರೇರ್ ಅರ್ತ್ ಹೆಚ್ಚುಕಡಿಮಿ ಎಲ್ಲಾ ಆ ಒಂದು ಪಾಲಿನೊಳಗ ಓಡಿ ಬರ್ತಾವ. ಮೊದಲನೇ ಕಾಕಂಬಿ ಇದು. ಮುಂದ ಮ್ಯಾಲ ಬಂದು ಆರೋವಾಗ ಕ್ಯಾಲ್ಸೈಟ್, ಮ್ಯಾಗ್ನೆಟೈಟ್ ಹರಳಾಗ್ತಾವ, ಅವೂ ರೇರ್ ಅರ್ತ್ ಅನ್ನ ಅಷ್ಟಾಗಿ ಒಳಗ ಬಿಟ್ಕೊಳ್ಳಂಗಿಲ್ಲ, ಉಳಿದ ರಸ ಇನ್ನಷ್ಟು ತೀಕ್ಷ್ಣ ಆಗ್ತೈತಿ. ಕೊನಿಗೆ ಉಪ್ಪು, ಫ್ಲೋರಿನ್, ಸೋಡಿಯಂ, ಬೇರಿಯಮ್, ಸ್ಟ್ರಾನ್ಶಿಯಮ್ ತುಂಬಿದ ಬಿಸಿ ಉಪ್ಪುನೀರಿನಂಥ ರಸ ಉಳಿತೈತಿ, ರೇರ್ ಅರ್ತ್ ಖನಿಜ ಹುಟ್ಟೋದು ಅಲ್ಲಿ. ಮುಖ್ಯ ಬ್ಯಾಸ್ಟ್ನಸೈಟ್, ಅಂದ್ರ ಫ್ಲೋರಿನ್ ಮತ್ತ ಕಾರ್ಬೊನೇಟ್ ಕೂಡಿದ ರೇರ್ ಅರ್ತ್ ಖನಿಜ, ಅದರ ಜೋಡಿ ಪ್ಯಾರಿಸೈಟ್, ಮೊನಜೈಟ್. ಪಕ್ಕದಾಗ ಬೆರೈಟ್, ಫ್ಲೋರೈಟ್ ಇದ್ರ ಸರಿಯಾದ ದಾರಿಯಾಗ ಅದೀವಿ ಅಂತ ತಿಳಕೋಬೇಕು.

ಅಂದ್ರ ಕಾರ್ಬೊನಟೈಟ್ ಸಿಕ್ರ ಗಣಿ ಸಿಕ್ಕಂಗಲ್ಲೇನು?

ಅಲ್ವೇ ಅಲ್ಲ. ಜಗತ್ತಿನಾಗ ಗೊತ್ತಿರೋ ಕಾರ್ಬೊನಟೈಟ್ ಐನೂರರ ಮ್ಯಾಲ ಅದಾವ, ಅದರಾಗ ರೇರ್ ಅರ್ತ್ ಸಲುವಾಗಿ ದೊಡ್ಡದಾಗಿ ಗಣಿ ನಡೆಯೋವು ಬೆರಳೆಣಿಕೆ. ಮ್ಯಾಲ ಹೇಳಿದ ಕಾಕಂಬಿ ಎಲ್ಲಾ ಹಂತಾನೂ ದಾಟಬೇಕು, ನಡುವ ಸೋರಿ ಹೋಗಬಾರ್ದು. ಸುತ್ತಲಿನ ಕಲ್ಲಿನಿಂದ ಸಿಲಿಕಾ ಬಂದು ಸೇರಿದ್ರ ರೇರ್ ಅರ್ತ್ ಮೊದಲೇ ಅಪಟೈಟ್ ಅನ್ನೋ ರಂಜಕದ ಖನಿಜದಾಗ ಸಿಕ್ಕೊಂಡು ಚದುರಿಬಿಡ್ತಾವ, ಕೊನಿ ತನಕ ಬರಂಗಿಲ್ಲ. ಸೋಡಿಯಂ, ಪೊಟ್ಯಾಸಿಯಂ ಸಾಕಷ್ಟಿದ್ರ ರಸದಾಗ ಕರಗಿಕೊಂಡೇ ಮುಂದ ಹೋಗ್ತಾವ. ಆ ಸೋಡಿಯಂ, ಪೊಟ್ಯಾಸಿಯಂ ಆಮ್ಯಾಲ ಹೊರಗ ಸೋರಿ ಸುತ್ತಲಿನ ಕಲ್ಲಿನ ಸ್ವರೂಪನೇ ಬದಲು ಮಾಡ್ತಾವ, ಹಂಗ ಬದಲಾದ ಕಲ್ಲಿಗೆ ಫೆನೈಟ್ ಅಂತಾರ, ಅದೇ ನಾರ್ವೆಯ ಫೆನ್ ಹೆಸರಿಂದ.

ಕೆಲವು ಕಾರ್ಬೊನಟೈಟ್ ಬ್ಯಾರೆ ಸಂಪತ್ತಿಗೆ ಹೆಸರಾಗ್ಯಾವ. ಬ್ರೆಜಿಲ್‌ನ ಅರಾಶಾ ನಿಯೋಬಿಯಮ್‌ಗೆ, ದಕ್ಷಿಣ ಆಫ್ರಿಕಾದ ಫಲಾಬೊರ್ವಾ ತಾಮ್ರಕ್ಕ. ಅಮೆರಿಕದ ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಆದ್ರ ರೇರ್ ಅರ್ತ್ ಸಲುವಾಗೇ ನಡೆಯೋ ಗಣಿ, ಸುಮಾರು 140 ಕೋಟಿ ವರ್ಷ ಹಳೇದು, ಅದಿರಿನಾಗ 8 ಪರ್ಸೆಂಟ್ ಆಸುಪಾಸು ರೇರ್ ಅರ್ತ್ ಆಕ್ಸೈಡ್. 1949ರಾಗ ಯುರೇನಿಯಂ ಹುಡುಕೋರಿಗೆ ಸಿಕ್ಕಿದ್ದು. 1960ರ ದಶಕದಾಗ ಕಲರ್ ಟಿವಿಯ ಕೆಂಪು ಬಣ್ಣಕ್ಕ ಬೇಕಾದ ಯುರೋಪಿಯಮ್ ಅಲ್ಲಿಂದ ಬರ್ತಿತ್ತು.

ಬಿಜಾಪುರದ ಎರಿ ಹೊಲ, ಕರಿಕಲ್ಲು ಜ್ವಾಲಾಮುಖಿದೇ ಅಂತೀರಿ, ಅದರಾಗ ಯಾಕ ಇಲ್ಲ?

ಇದಕ್ಕ ಉತ್ತರ ಹೇಳೋದಂದ್ರ ನಂಗ ಖುಷಿ. ಗೋಲಗುಮ್ಮಟ ಕಟ್ಟಿದ ಕರಿಕಲ್ಲು, ಅದು ಕೊಳೆತು ಆದ ಎರಿ ಮಣ್ಣು, ಬೆಳಗಾವಿ ಕಡಿ ಘಟ್ಟದ ಕಲ್ಲು ಎಲ್ಲಾ ಡೆಕ್ಕನ್ ಟ್ರ್ಯಾಪ್, ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ. ಅಂಬಾ ಡೊಂಗರ್ ಕಾರ್ಬೊನಟೈಟ್ ವಯಸ್ಸು 6.5 ಕೋಟಿ, ರಾಜಸ್ಥಾನದ ಬಾರ್ಮೇರ್ ಕಡಿಯ ಕಾಮಥಾಯ್‌ದು 6.8 ಕೋಟಿ ಆಸುಪಾಸು. ಅಂದ್ರ ಎಲ್ಲಾ ಒಂದೇ ದೊಡ್ಡ ಘಟನೆಯ ಕೂಸುಗಳು.

ಹಂಗಿದ್ರ ಫರಕು ಎಲ್ಲಿ ಬಂತು? ಎಷ್ಟು ಕರಗಿತ್ತು ಅನ್ನೋದ್ರಾಗ. ನಮ್ಮ ಕಡಿ ಲಾವಾ ಆಗಬೇಕಂದ್ರ ಮ್ಯಾಂಟಲ್ ಭಾಳ ಪಾಲು ಕರಗೈತಿ, ಹಿಂಗಾಗಿ ಇದ್ದ ರೇರ್ ಅರ್ತ್ ಅಷ್ಟೂ ರಸದಾಗ ಹಂಚಿ ಹೋಗಿ ನೂರರ ಆಸುಪಾಸು ಪಿಪಿಎಂಗೆ ಬಂದು ನಿಂತೈತಿ. ಅಂಬಾ ಡೊಂಗರ್‌ಗೆ ರಸ ಕೊಟ್ಟ ಕಡಿ ಮ್ಯಾಂಟಲ್ ಭಾಳ ಕಡಿಮಿ ಕರಗಿತ್ತು. ಒಂದು ಚಮಚಾ ಬೆಲ್ಲ ಒಂದು ವಾಟಿ ನೀರಿಗೆ ಹಾಕೋದಕ್ಕೂ ಒಂದು ಹಂಡೆಕ್ಕ ಹಾಕೋದಕ್ಕೂ ಎಷ್ಟು ಫರಕೋ ಅಷ್ಟು.

ಅಂಬಾ ಡೊಂಗರ್ ಗುಜರಾತಿನ ಛೋಟಾ ಉದೇಪುರ ಜಿಲ್ಲೆಯಾಗ, ನರ್ಮದಾ ಕಣಿವಿ ಕೆಳಭಾಗದಾಗ ಐತಿ. 1963ರಾಗ ಸುಖೇಶ್ವಾಲಾ ಮತ್ತ ಉದಾಸ್ ಅನ್ನೋರು ಇದು ಕಾರ್ಬೊನಟೈಟ್ ಅಂತ ಗುರುತಿಸಿದ್ರು. ದುಂಡಗ ಗುಡ್ಡದ ಬಳಿ, ಆ ಬಳಿನೇ ಕ್ಯಾಲ್ಸೈಟ್ ಕಾರ್ಬೊನಟೈಟ್. ಫ್ಲೋರೈಟ್ ಅಲ್ಲಿ ದೊಡ್ಡ ಪ್ರಮಾಣದಾಗ ಐತಿ, ಅದರ ಗಣಿನೂ ನಡದೈತಿ. ನಾ ಮೊದಲ ಸಲ ಹೋದಾಗ ಕೈಯಾಗ ಬಿಳಿ ಕಲ್ಲು ಹಿಡಕೊಂಡು ನಮ್ಮ ಅಜ್ಜನ ಬಟ್ಟಿ ಕಲ್ಲು ನೆನಸ್ಕೊಂಡು ಎಷ್ಟೋ ಹೊತ್ತು ನಿಂತಿದ್ದೆ, ತೂಕ, ಬಣ್ಣ, ನೊರಿ ಎಲ್ಲಾ ಅದೇ, ಹುಟ್ಟು ಮಾತ್ರ ಪೂರ್ತಿ ಬ್ಯಾರೆ.

ಖಾನಾಪುರ, ಬೆಳಗಾವಿ ಕಡಿ ಕೆಂಪು ಜಂಬಿಟ್ಟಿಗಿ ಕಲ್ಲಿನಾಗ ಇರ್ತೈತಿ ಅಂತ ಕೇಳೀವಿ?

ಮಾತಿನ ಬೇರು ಆಸ್ಟ್ರೇಲಿಯಾದ ಮೌಂಟ್ ವೆಲ್ಡ್‌ನಾಗ ಐತಿ. ಅಲ್ಲಿ 200 ಕೋಟಿ ವರ್ಷ ಹಳೇ ಕಾರ್ಬೊನಟೈಟ್ ಮ್ಯಾಲ ಮಳಿ ನೀರು ಇಳಿದು ಇಳಿದು ಕಾರ್ಬೊನೇಟ್ ಎಲ್ಲಾ ಕರಗಿ ಹೋತು, ಕರಗದ ರೇರ್ ಅರ್ತ್, ಕಬ್ಬಿಣ, ರಂಜಕ ಜಂಬಿಟ್ಟಿಗಿಯಂಥ ಕೆಂಪು ಮಣ್ಣಾಗಿ ಉಳಿದು ಹತ್ತಾರು ಪಟ್ಟು ಗಟ್ಟಿಯಾತು. ಬೆಳಗಾವಿ ಜಂಬಿಟ್ಟಿಗಿನೂ ಅದೇ ರೀತಿ ಕೊಳೆತು ಆದದ್ದೇ, ಆದ್ರ ಕೆಳಗಿರೋ ತಾಯಿಕಲ್ಲು ಕಾರ್ಬೊನಟೈಟ್ ಅಲ್ಲ, ಕರಿಕಲ್ಲು. ಹಿಂಗಾಗಿ ಅಲ್ಲಿ ಅಲ್ಯೂಮಿನಿಯಂ ಉಳಿದು ಬಾಕ್ಸೈಟ್ ಆತು. ತಾಯಿಕಲ್ಲಿನಾಗ ಏನಿತ್ತೋ ಅದೇ ಉಳಿಯೋದು.

ಇಳಕಲ್ ಗ್ರಾನೈಟ್?

ಚಂದದ ಕಲ್ಲು, ನೆಲಕ್ಕ ಹಾಸ್ರಿ. ಕಾರ್ಬೊನಟೈಟ್‌ಗೂ ಅದಕ್ಕೂ ಸಂಬಂಧ ಇಲ್ಲ.

ಚೀನಾದ ದೊಡ್ಡ ಗಣಿನೂ ಕಾರ್ಬೊನಟೈಟೇ ಏನು?

ಹೌದು ಅಂತ ಈಗ ಹೆಚ್ಚಿನವರು ಒಪ್ಯಾರ, ಆದ್ರ ಒಪ್ಪಾಕ ಹತ್ತಾರು ವರ್ಷ ಹಿಡೀತು. ಒಳ ಮಂಗೋಲಿಯಾದ ಬಯಾನ್ ಓಬೊ ಜಗತ್ತಿನ ಅತಿ ದೊಡ್ಡ ರೇರ್ ಅರ್ತ್ ನಿಕ್ಷೇಪ. 1927ರಾಗ ಡಿಂಗ್ ದಾವ್‌ಹೆಂಗ್ ಅನ್ನೋ ಜಿಯಾಲಜಿಸ್ಟ್ ಅಲ್ಲಿ ಕಬ್ಬಿಣದ ಅದಿರು ಕಂಡ್ರು, ರೇರ್ ಅರ್ತ್ ಗೊತ್ತಾಗಿದ್ದು ಆಮ್ಯಾಲ. ಅದಿರು ಕುಂತಿರೋದು ಡಾಲಮೈಟ್‌ನಾಗ, ಅಕ್ಕಪಕ್ಕ ಮರಳುಗಲ್ಲು, ಶೇಲ್, ನೋಡಿದ್ರ ನಮ್ಮ ಕಲಾದಗಿ ಕಡಿ ಇದ್ದಂಗ ಸಮುದ್ರದ ಪದರ ಅನಸ್ತೈತಿ. ಹಂಗಾಗಿ ಒಂದು ಪಂಗಡ ಸಮುದ್ರದ ಡಾಲಮೈಟ್, ಆಮ್ಯಾಲ ಬಿಸಿ ರಸ ಹೊಕ್ಕೈತಿ ಅಂತ, ಇನ್ನೊಂದು ಪಂಗಡ ಮೊದಲಿನಿಂದ ಕಾರ್ಬೊನಟೈಟೇ ಅಂತ. ಸುತ್ತಲೂ ಗ್ವಾಡಿ ಇದ್ದಂಗ ನಿಂತ ಕಾರ್ಬೊನಟೈಟ್ ಡೈಕ್‌ಗಳು, ಫೆನೈಟ್, ಐಸೋಟೋಪ್ ಎಲ್ಲಾ ಕೂಡಿಸಿ ನೋಡಿದ ಮ್ಯಾಲ ಸುಮಾರು 130 ಕೋಟಿ ವರ್ಷದ ಹಿಂದಿನ ಕಾರ್ಬೊನಟೈಟ್, ಮತ್ತ 40-45 ಕೋಟಿ ವರ್ಷದ ಹಿಂದ ಇನ್ನೊಂದ್ ಸಲ ಬಿಸಿ ರಸ ಹರಿದು ಖನಿಜ ಅದಲು ಬದಲು ಆಗ್ಯಾವ ಅನ್ನೋ ಚಿತ್ರ ನಿಂತೈತಿ. ನೀವು ಲೋಕಾಪುರದ ಕಲ್ಲು ಹಿಡಕೊಂಡು ಕೇಳೋ ಪ್ರಶ್ನೆನೇ ಅಲ್ಲಿ ವಿಜ್ಞಾನಿಗಳು ಜನ್ಮಪೂರ್ತಿ ಕೇಳ್ಯಾರ, ಅದಕ್ಕ ಯಾರಾದ್ರೂ ಇದನ್ನ ದಡ್ಡ ಪ್ರಶ್ನೆ ಅಂದ್ರ ನಾ ಒಪ್ಪಂಗಿಲ್ಲ.

ನಮಗ ಹತ್ರ ಎಲ್ಲಿ ಅದಾವ?

ಕರ್ನಾಟಕದ ಅಂಚಿಗೆ ಅಂದ್ರ ಕಾವೇರಿ ದಂಡಿಯ ಹೊಗೆನಕಲ್ ಕಡಿ, ಸುಮಾರು 240 ಕೋಟಿ ವರ್ಷದ್ದು, ಭಾರತದಾಗ ಭಾಳ ಹಳೇವುಗಳಾಗ ಒಂದು. ಅಲ್ಲಿಂದ ಮುಂದ ತಮಿಳುನಾಡಿನ ಸಾಮಲ್ಪಟ್ಟಿ, ಸೇವತ್ತೂರು. ಮೇಘಾಲಯದಾಗ ಸುಂಗ್ ಕಣಿವಿ. ರೇರ್ ಅರ್ತ್ ಮಟ್ಟಿಗೆ ಭರವಸೆ ಇರೋದು ಅಂಬಾ ಡೊಂಗರ್ ಮತ್ತ ಕಾಮಥಾಯ್ ಮ್ಯಾಲ. ಇಷ್ಟು ವರ್ಷ ನಮ್ಮ ದೇಶದ ರೇರ್ ಅರ್ತ್ ಬಂದಿದ್ದು ಕಾರ್ಬೊನಟೈಟ್‌ನಿಂದ ಅಲ್ಲ, ಕೇರಳ, ತಮಿಳುನಾಡು, ಒಡಿಶಾದ ಸಮುದ್ರದಂಡಿ ಉಸುಕಿನ ಮೊನಜೈಟ್‌ನಿಂದ, 1950ರಾಗ ಶುರುವಾದ ಸರ್ಕಾರಿ ಐಆರ್‌ಇಎಲ್ ಕಂಪನಿ ಅದನ್ನ ತೆಗೀತೈತಿ. 2025ರ ಜನವರಿಯಾಗ ಕೇಂದ್ರ ಸರ್ಕಾರ ರಾಷ್ಟ್ರೀಯ ಕ್ರಿಟಿಕಲ್ ಮಿನರಲ್ ಮಿಷನ್ ಒಪ್ಪಿದ ಮ್ಯಾಲ ಗಟ್ಟಿ ಕಲ್ಲಿನ ಕಡಿ ಲಕ್ಷ್ಯ ಜಾಸ್ತಿ ಆಗೇತಿ.

ಕಾರ್ಬೊನಟೈಟ್ ಸಿಕ್ರ 17 ಧಾತೂ ಸಿಗ್ತಾವೇನು?

ಹೆಸರಿಗೆ ಸಿಗ್ತಾವ, ಪ್ರಮಾಣ ಸಮ ಇಲ್ಲ. ಲ್ಯಾಂಥನಮ್, ಸೀರಿಯಮ್, ಪ್ರೇಸಿಯೊಡೈಮಿಯಮ್, ನಿಯೊಡೈಮಿಯಮ್ ಅನ್ನೋ ಹಗುರು ರೇರ್ ಅರ್ತ್ ತುಂಬಿರ್ತಾವ. ಡಿಸ್ಪ್ರೋಸಿಯಮ್, ಟರ್ಬಿಯಮ್ ಇದ್ದಂಥ ಭಾರವಾದವು ಭಾಳ ಕಡಿಮಿ. ಆಳದ ಮ್ಯಾಂಟಲ್‌ನಾಗ ಗಾರ್ನೆಟ್ ಅನ್ನೋ ಖನಿಜ ಭಾರವಾದವನ್ನ ಹಿಡಕೊಂಡು ಬಿಡಂಗಿಲ್ಲ ಅನ್ನೋದು ಒಂದು ಕಾರಣ. ಮೋಟಾರ್, ಗಾಳಿಯಂತ್ರದ ಮ್ಯಾಗ್ನೆಟ್‌ಗೆ ನಿಯೊಡೈಮಿಯಮ್ ಬೇಕು, ಅದು ಇಲ್ಲಿ ಸಿಗ್ತೈತಿ, ಆದ್ರ ಕಾದಾಗಲೂ ಆ ಮ್ಯಾಗ್ನೆಟ್ ಶಕ್ತಿ ಕಳಕೋಬಾರ್ದು ಅಂದ್ರ ಸೇರಿಸೋ ಡಿಸ್ಪ್ರೋಸಿಯಮ್‌ಗೆ ದಕ್ಷಿಣ ಚೀನಾ, ಮ್ಯಾನ್ಮಾರ್ ಕಡಿಯ ಜೇಡಿಮಣ್ಣಿನ ನಿಕ್ಷೇಪಗಳೇ ಮುಖ್ಯ. 2025ರಾಗ ಚೀನಾ ಹಿಡದಿಟ್ಟ ಏಳು ಧಾತು ನೋಡ್ರಿ, ನಡುವಿನವು ಮತ್ತ ಭಾರವಾದವೇ.

ಹುಡುಕೋದು ಹೆಂಗ?

ಥೋರಿಯಂ ಅನ್ನೋ ವಿಕಿರಣ ಸೂಸೋ ಧಾತು ಇರೋದ್ರಿಂದ ಗಾಮಾ ಕಿರಣ ಜಾಸ್ತಿ, ವಿಮಾನದಿಂದ ಅಳೀತಾರ. ಮ್ಯಾಗ್ನೆಟೈಟ್ ಇದ್ರ ಅಯಸ್ಕಾಂತದ ಮಾಪನದಾಗ ದುಂಡನ ಗುರುತು ಬರ್ತೈತಿ. ಹಳ್ಳದ ಉಸುಕಿನಾಗ ನಿಯೋಬಿಯಮ್, ಬೇರಿಯಮ್, ಸ್ಟ್ರಾನ್ಶಿಯಮ್ ನೋಡ್ತಾರ. ನಿಯೊಡೈಮಿಯಮ್ ಬೆಳಕಿನ ಕೆಲವು ತರಂಗಗಳನ್ನ ಹೀರ್ತೈತಿ, ಆ ಗೆರಿ ಹೈಪರ್‌ಸ್ಪೆಕ್ಟ್ರಲ್ ಕ್ಯಾಮರಾಕ್ಕ ಕಾಣಸ್ತಾವ. ಮೊಬೈಲ್ ಆ್ಯಪ್‌ನಿಂದ, ತೆಂಗಿನಕಾಯಿ ಹಿಡಕೊಂಡು ಆಗೋ ಕೆಲಸ ಅಲ್ಲ ಇದು.

ಗಣಿ ಬಂದ್ರ ಊರಿಗೆ ಛಲೋ ಅಲ್ಲೇನು?

ನೀರಿನ ಬಗ್ಗೆ ಮೊದಲು ಕೇಳ್ರಿ ಅಂತ ನಾ ಅಂಬಾ ಡೊಂಗರ್ ಕಡಿ ಇರಲಿ, ಎಲ್ಲೇ ಇರಲಿ, ಹೇಳೋಳು. ಬ್ಯಾಸ್ಟ್ನಸೈಟ್‌ನಾಗ ಫ್ಲೋರಿನ್ ಐತಿ, ಕಾಸಿ ಆಸಿಡ್ ಹಾಕಿ ತೆಗೆಯೋವಾಗ ಅದು ಹೊರಗ ಬರ್ತೈತಿ. ಥೋರಿಯಂ ಕಸದಾಗ ಉಳಿತೈತಿ. ಮೌಂಟನ್ ಪಾಸ್‌ನಾಗ 1990ರ ದಶಕದಾಗ ಕೊಳಚಿ ನೀರಿನ ಪೈಪ್ ಒಡೆದು ಮರುಭೂಮಿಗೆ ಹರೀತು, 2002ರಾಗ ಗಣಿ ಮುಚ್ಚೇ ಬಿಟ್ರು, ಮತ್ತ ತೆರಿಯೋದಕ್ಕ ಹತ್ತು ವರ್ಷ ಹಿಡೀತು. ಹುನಗುಂದ, ಇಳಕಲ್ ಕಡಿ ಬೋರ್ ನೀರಿನ ಫ್ಲೋರೈಡ್ ಹಲ್ಲಿಗೆ, ಎಲುಬಿಗೆ ಏನ್ ಮಾಡ್ತೈತಿ ಅಂತ ನಾವು ನೋಡೀವಿ, ನಮಗ ಯಾರೂ ಬ್ಯಾರೆ ಹೇಳಬೇಕಿಲ್ಲ. ಗಣಿ ಬ್ಯಾಡ ಅನ್ನಾಕತ್ತಿಲ್ಲ, ರೇರ್ ಅರ್ತ್ ನಮ್ಮ ದೇಶಕ್ಕ ಬೇಕೇ ಬೇಕು. ಕಸದ ಕೆರಿ ಎಲ್ಲಿ ಕಟ್ತೀರಿ, ತಳಕ್ಕ ಏನ್ ಹಾಸ್ತೀರಿ, ನೀರು ಯಾರು ತಪಾಸ ಮಾಡ್ತಾರ ಅಂತ ಮೊದಲ ದಿನಾನೇ ಕೇಳಬೇಕು.

ಒಬ್ರು ಬಂದು ಕಲ್ಲು ಟೆಸ್ಟ್ ಮಾಡಸ್ತೀನಿ ಅಂತ ರೊಕ್ಕ ಕೇಳಾಕತ್ಯಾರ, ಕೊಡ್ಲೇನು?

ಬ್ಯಾಡ್ರಿ, ಕೈಮುಗಿದು ಹೇಳ್ತೇನಿ. ನಮ್ಮ ಸೋದರಮಾವ ಹೊಲದಾಗಿನ ಬಿಳಿ ಕಲ್ಲಿಗೆ ಹಿಂಗ ಒಬ್ಬರಿಗೆ ನಂಬಿ ರೊಕ್ಕ ಕೊಟ್ರು, ಮೊದಲು ಟೆಸ್ಟ್ ಅಂತ, ಆಮ್ಯಾಲ ಲೈಸೆನ್ಸ್ ಅಂತ, ಆಕಳು ಮಾರಿ ಕೊಟ್ರು. ಆ ಕಲ್ಲು ನಾನ ನೋಡಿದೆ, ಶುದ್ಧ ಸುಣ್ಣದ ಕಲ್ಲು. ರೊಕ್ಕ ಹೋಗಿದ್ದಕ್ಕಿಂತ ಅವರು ಊರಾಗ ತಲಿ ತಗ್ಗಿಸಿ ನಡದಿದ್ದು ನಂಗ ಇನ್ನೂ ಸಂಕಟ. ರೇರ್ ಅರ್ತ್, ಥೋರಿಯಂ ಇರೋ ಖನಿಜ ಅಂದ್ರ ಸರ್ಕಾರದ ಕಾಯ್ದೆ ಬಿಗಿ ಇರ್ತೈತಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಅಣು ಖನಿಜ ನಿರ್ದೇಶನಾಲಯ ಇವು ಹುಡುಕೋ ಕೆಲಸ ಮಾಡ್ತಾವ, ಮನಿ ಬಾಗಲಿಗೆ ಬಂದು ರೊಕ್ಕ ಕೇಳಂಗಿಲ್ಲ. ಅನುಮಾನ ಇದ್ರ ಜಿಲ್ಲಾ ಗಣಿ ಮತ್ತು ಭೂವಿಜ್ಞಾನ ಇಲಾಖೆ ಆಫೀಸಿಗೆ ಹೋಗ್ರಿ, ಇಲ್ಲಾ ಹತ್ತಿರದ ಕಾಲೇಜಿನ ಜಿಯಾಲಜಿ ವಿಭಾಗಕ್ಕ ಕಲ್ಲು ತೋರಿಸ್ರಿ.

ಲೋಕಾಪುರ ಹತ್ರ ಒಳಗ ಉಂಗುರ ಉಂಗುರ ಇರೋ ಕಲ್ಲು ಸಿಕ್ಕೈತಿ, ಇದೇ ಏನ್ರಿ ಆ ದುಂಡನ ಕಾರ್ಬೊನಟೈಟ್?

ಎಂಟನೇತ್ತೆ ಓದೋ ಹುಡುಗ ಕೇಳಿದ್ದು ಇದು, ಫೋಟೋ ನೋಡಿ ನಾ ಕುರ್ಚಿಯಿಂದ ಎದ್ದೆ. ಕಾರ್ಬೊನಟೈಟ್ ಅಲ್ಲಪ್ಪಾ, ಆ ಬಳಿ ಆಗಿದ್ರ ಅದರ ಒಂದು ಸುತ್ತು ನಡಿಯಾಕ ಅರ್ಧ ದಿನ ಬೇಕಾಗ್ತಿತ್ತು. ನಿನ್ನ ಕೈಯಾಗಿರೋದು ಸ್ಟ್ರೊಮಾಟೊಲೈಟ್. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಪಾಚಿ ಇದ್ದಂಗ, ಆ ಹಳೇ ಸಮುದ್ರದ ತಳದಾಗ ಬಿಸಲಿಗೆ ಮುಖ ಮಾಡಿ ಬೆಳೆದು ಮ್ಯಾಲ ಕೆಸರು ಕುಂತಾಗ ಮತ್ತ ಮ್ಯಾಲ ಏರಿ ಇನ್ನೊಂದು ಪದರ ಕಟ್ಯಾವ, ಆ ಪದರಗಳೇ ನಿನಗ ಉಂಗುರ ಆಗಿ ಕಂಡಾವ. ಈ ಕಲ್ಲು ನೀರಾಗ ಹುಟ್ಟಿದ್ದು ಅನ್ನೋದಕ್ಕ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ, ಬೆಂಕಿಯಾಗ ಇವು ಬದುಕಂಗಿಲ್ಲ. ಇನ್ನ ಒಡಿಬ್ಯಾಡ, ಸಿಕ್ಕ ಜಾಗಾದ ಫೋಟೋ ಹೊಡಿ, ಯಾವ ಕಡಿ ಮುಖ ಮಾಡಿತ್ತು ಅಂತ ಚೀಟಿ ಬರದು ಅದರ ಜೋಡಿ ಇಡು. ರವಿವಾರ ಬಂದು ನಾನೂ ನೋಡ್ತೇನಿ.